ಬಾಯಿ ಸೊಟ್ಟ, ದವಡೆ ಗಟ್ಟಿ

ರಾತ್ರಿ ಚೆನ್ನಾಗಿಯೇ ಮಲಗಿದ್ದ ಮನುಷ್ಯ ಬೆಳಿಗ್ಗೆ ಎದ್ದು ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಹೋಗುತ್ತಾನೆ. ನೀರು ಬಾಯಲ್ಲಿ ನಿಲ್ಲುವುದಿಲ್ಲ. ಬಲಗಡೆಯ ತುಟಿಯಂಚಿನಿಂದ ಸೋರುತ್ತದೆ. ಕನ್ನಡಿ ನೋಡಿದರೆ ಬಾಯಿ ಎಡಕ್ಕೆ ಎಳೆದುಕೊಂಡಿದೆ. ಬಲಗಣ್ಣನ್ನು ಮುಚ್ಚಲು ಎಷ್ಟು ಹೆಣಗಿದರೂ ರೆಪ್ಪೆ ಕೂಡುತ್ತಿಲ್ಲ. ಹಣೆಯ ಬಲ ಅರ್ಧದ ಗೆರೆಗಳೆಲ್ಲ ಮಾಯವಾಗಿ ನುಣ್ಣಗಾಗಿದೆ. ಮನೆಯವರಿಗೆ ಗಾಬರಿ. ‘ಲಕ್ವ ಹೊಡೆದಿದೆ’ ಎನ್ನುತ್ತಾರೆ ಒಬ್ಬರು. ‘ಕಿಟಕಿ ತೆಗೆದು ಮಲಗಿದ್ದ, ಗಾಳಿ ಬಡಿದಿದೆ’ ಎನ್ನುತ್ತಾರೆ ಇನ್ನೊಬ್ಬರು. ಇಂಥ ಒಬ್ಬರನ್ನಾದರೂ ನಾವು ನೋಡಿರುತ್ತೇವೆ, ಇಲ್ಲವೇ ಕೇಳಿರುತ್ತೇವೆ. ಆಯುರ್ವೇದದ ಹಳೆಯ ಗ್ರಂಥಗಳು ಇದನ್ನು ‘ಅರ್ದಿತ’ ಎಂದು ಗುರುತಿಸಿವೆ.

ಆದರೆ ಇಂಥವರ ಪಕ್ಕದಲ್ಲಿ ಊಟಕ್ಕೆ ಕುಳಿತು ಗಮನಿಸಿದವರು ಕಡಿಮೆ. ಗಮನಿಸಿದರೆ ಒಂದು ಸೋಜಿಗ ಕಾಣುತ್ತದೆ. ಕಟಿ ರೊಟ್ಟಿಯನ್ನೋ ಚಕ್ಕುಲಿಯನ್ನೋ ಅವರು ಅದೇ ಬಲಗಡೆಯ ಹಲ್ಲಿನಲ್ಲಿ ಕಟಕಟ ಕಡಿಯಬಲ್ಲರು. ಕಡಿಯುವ ಬಲ ಒಂದಿಷ್ಟೂ ತಗ್ಗಿರುವುದಿಲ್ಲ. ಜೋತುಬಿದ್ದ ಆ ಕೆನ್ನೆಗೆ ಸೂಜಿಮೊನೆ ತಾಗಿಸಿದರೆ ಚುರುಕೆನ್ನುವುದು ಗೊತ್ತಾಗುತ್ತದೆ. ಕತ್ತು ಎರಡೂ ಕಡೆಗೆ ಸಲೀಸಾಗಿ ತಿರುಗುತ್ತದೆ. ಒಂದೇ ಕೆನ್ನೆಯಲ್ಲಿ, ಒಂದೇ ಚರ್ಮದ ಅಡಿಯಲ್ಲಿ, ಒಂದರ ಮೇಲೊಂದು ಮಲಗಿರುವ ಎರಡು ಸ್ನಾಯುಗಳಲ್ಲಿ ಒಂದು ಪೂರ್ತಿ ಸೋತು, ಇನ್ನೊಂದು ಪೂರ್ತಿ ಗಟ್ಟಿಯಾಗಿ ಉಳಿಯುವುದು ಹೇಗೆ?

ಇದಕ್ಕೆ ಉತ್ತರ ಹುಡುಕುತ್ತ ಹೋದರೆ ನಾವು ತಾಯಿಯ ಗರ್ಭದ ನಾಲ್ಕನೇ ವಾರಕ್ಕೆ ಹೋಗಿ ನಿಲ್ಲುತ್ತೇವೆ. ಅದಕ್ಕೂ ಮೊದಲು ಮುಖ, ದವಡೆ, ಕತ್ತು ಈ ಮೂರು ಕಡೆಯ ಸ್ನಾಯುಗಳು ಮಾಡುವ ಕೆಲಸವನ್ನು ಒಂದೊಂದಾಗಿ ನೋಡೋಣ.

ಚರ್ಮವನ್ನು ಎಳೆಯುವ ಸ್ನಾಯುಗಳು

ತೋಳು ಮಡಿಸುವ ಸ್ನಾಯುವಿನ ಎರಡು ತುದಿಗಳೂ ಎಲುಬಿಗೆ ಅಂಟಿಕೊಂಡಿವೆ. ಸ್ನಾಯು ಕುಗ್ಗಿದರೆ ಎಲುಬು ಎಲುಬಿನ ಹತ್ತಿರಕ್ಕೆ ಬರುತ್ತದೆ, ಕೀಲು ಮಡಿಯುತ್ತದೆ. ದೇಹದ ಬಹುಪಾಲು ಸ್ನಾಯುಗಳ ಕ್ರಮ ಇದೇ. ಮುಖದ ಸ್ನಾಯುಗಳು ಈ ಕ್ರಮಕ್ಕೆ ಹೊರಗು. ಅವುಗಳ ಒಂದು ತುದಿ ಸಾಮಾನ್ಯವಾಗಿ ಎಲುಬಿನಲ್ಲಿದ್ದರೆ ಇನ್ನೊಂದು ತುದಿ ನೇರವಾಗಿ ಚರ್ಮದ ಒಳಮೈಗೆ ಸೇರಿಕೊಂಡಿದೆ. ಅವು ಕುಗ್ಗಿದಾಗ ಯಾವ ಕೀಲೂ ಅಲುಗುವುದಿಲ್ಲ, ಚರ್ಮ ಸರಿಯುತ್ತದೆ. ಆ ಸರಿದಾಟವನ್ನೇ ನಾವು ನಗು, ಅಳು, ಸಿಡುಕು, ಅಚ್ಚರಿ ಎಂದು ಓದುತ್ತೇವೆ.

ಕನ್ನಡಿಯ ಮುಂದೆ ನಿಂತು ಹುಬ್ಬು ಏರಿಸಿ. ಹಣೆಯ ಸ್ನಾಯುವಿನ ಎಳೆಗಳು ಮೇಲಿನಿಂದ ಕೆಳಕ್ಕೆ ಹರಿದಿವೆ; ಗೆರೆಗಳು ಮಾತ್ರ ಅಡ್ಡಡ್ಡ ಮೂಡುತ್ತವೆ. ಸ್ನಾಯು ಯಾವ ದಿಕ್ಕಿಗೆ ಎಳೆಯುತ್ತದೋ ಅದಕ್ಕೆ ಅಡ್ಡಲಾಗಿ ಚರ್ಮ ಮಡಿಯುವುದು ಮುಖದ ಎಲ್ಲ ಸುಕ್ಕುಗಳ ನಿಯಮ. ಕಣ್ಣಿನ ಸುತ್ತ ಬಳೆಯಾಕಾರದ ಸ್ನಾಯುವಿದೆ, ಅದನ್ನು ಕಣ್ಬಳೆ ಎನ್ನೋಣ. ಅದು ಬಿಗಿಯಾದಾಗ ಕಣ್ಣಂಚಿನಿಂದ ಗೆರೆಗಳು ಹೊರಕ್ಕೆ ಚದುರುತ್ತವೆ. ಹುಬ್ಬುಗಳ ನಡುವಿನ ಪುಟ್ಟ ಸಿಡುಕು ಸ್ನಾಯು ಅಡ್ಡಕ್ಕೆ ಎಳೆದರೆ ಎರಡು ನೆಟ್ಟನೆಯ ಗೆರೆಗಳು ಏಳುತ್ತವೆ. ವರ್ಷಗಟ್ಟಲೆ ಒಂದೇ ಕಡೆ ಮಡಿದು ಮಡಿದು ಈ ಗೆರೆಗಳು ಅಲ್ಲೇ ಉಳಿದುಬಿಡುತ್ತವೆ. ಬೊಟಾಕ್ಸ್ ಚುಚ್ಚುಮದ್ದು ನರ ಮತ್ತು ಸ್ನಾಯುವಿನ ನಡುವಿನ ರಾಸಾಯನಿಕ ಸಂದೇಶವನ್ನು ಮೂರು ನಾಲ್ಕು ತಿಂಗಳು ತಡೆಯುತ್ತದೆ. ಎಳೆತ ನಿಂತಾಗ ಸುಕ್ಕು ತಿಳಿಯಾಗುತ್ತದೆ.

ತುಟಿಯ ಸುತ್ತಲೂ ಇನ್ನೊಂದು ಬಳೆಸ್ನಾಯು ಇದೆ. ನೀರು ಸೋರದಂತೆ ಬಾಯಿ ಮುಚ್ಚುವುದು, ಒಲೆ ಊದುವುದು, ಪ, ಬ, ಮ ಅಕ್ಷರಗಳನ್ನು ಹೊರಡಿಸುವುದು ಇದರ ಕೆಲಸ. ಕೆನ್ನೆಯ ಒಳಗೋಡೆಯಲ್ಲಿ ಅಡ್ಡಲಾಗಿ ಹರಡಿರುವ ಮತ್ತೊಂದು ಸ್ನಾಯು ತುತ್ತನ್ನು ಮತ್ತೆ ಮತ್ತೆ ಹಲ್ಲುಗಳ ನಡುವೆ ತಳ್ಳುತ್ತಿರುತ್ತದೆ. ಬಾಯಿ ಸೊಟ್ಟಗಾದವರು ಕಡಿಯಬಲ್ಲರು ಎಂದೆನಲ್ಲ. ಆದರೆ ಕಡಿದ ರೊಟ್ಟಿ ಕೆನ್ನೆಗೂ ಹಲ್ಲಿಗೂ ನಡುವೆ ಹೋಗಿ ಕೂತುಬಿಡುತ್ತದೆ. ಬೆರಳು ಹಾಕಿ ತೆಗೆಯಬೇಕಾಗುತ್ತದೆ. ಕಡಿಯುವ ಸ್ನಾಯು ಗಟ್ಟಿಯಾಗಿದೆ, ತಳ್ಳುವ ಸ್ನಾಯು ಸೋತಿದೆ. ಒಂದೇ ತುತ್ತಿನಲ್ಲಿ ಎರಡರ ಗಡಿಯೂ ಕಾಣುತ್ತದೆ.

ಮುಖದ ಈ ಪುಟ್ಟ ಪುಟ್ಟ ಚಲನೆಗಳನ್ನು ನಮ್ಮಲ್ಲಿ ಬಹಳ ಹಿಂದೆಯೇ ವಿಂಗಡಿಸಿ ನೋಡಿದ್ದಾರೆ. ಭರತನ ನಾಟ್ಯಶಾಸ್ತ್ರ ಹುಬ್ಬಿಗೆ 7, ಕೆನ್ನೆಗೆ 6, ಗದ್ದಕ್ಕೆ 7, ಕತ್ತಿಗೆ 9 ಬಗೆಯ ಚಲನೆಗಳನ್ನು ಬೇರೆ ಬೇರೆ ಪಟ್ಟಿ ಮಾಡುತ್ತದೆ. ಕೆನ್ನೆಯನ್ನೂ ಗದ್ದವನ್ನೂ ಒಂದೇ ಎಂದು ಅದು ಎಣಿಸಲಿಲ್ಲ ಎಂಬುದನ್ನು ನೆನಪಿಡಿ.

ಎಲುಬನ್ನು ಎಳೆಯುವ ಸ್ನಾಯುಗಳು

ಈಗ ಎರಡೂ ಅಂಗೈಗಳನ್ನು ಕೆನ್ನೆಯ ಹಿಂಭಾಗದಲ್ಲಿ, ಕಿವಿಯ ಕೆಳಗೆ ದವಡೆ ತಿರುಗುವ ಮೂಲೆಯ ಮೇಲೆ ಇಟ್ಟು ಹಲ್ಲು ಕಚ್ಚಿ. ಅಂಗೈ ಅಡಿಯಲ್ಲಿ ಒಂದು ಗಟ್ಟಿ ಗಡ್ಡೆ ಉಬ್ಬುತ್ತದೆ. ವೈದ್ಯರು ಮ್ಯಾಸೆಟರ್ ಎನ್ನುವ ಅಗಿಯುವ ಸ್ನಾಯು ಇದು. ಕೆನ್ನೆಯೆಲುಬಿನಿಂದ ಹೊರಟು ಕೆಳದವಡೆಯ ಮೂಲೆಗೆ ಬಂದು ಸೇರುತ್ತದೆ. ಬೆರಳನ್ನು ಕಣತಲೆಯ ಮೇಲೆ ಇಟ್ಟು ಮತ್ತೆ ಹಲ್ಲು ಕಚ್ಚಿದರೆ ಅಲ್ಲೂ ಒಂದು ಸ್ನಾಯು ಮಿಡಿಯುತ್ತದೆ. ತಲೆಬುರುಡೆಯ ಪಕ್ಕಕ್ಕೆ ಅಗಲವಾಗಿ ಹರಡಿಕೊಂಡ ಇದು ಕೆಳಗೆ ಕಿರಿದಾಗುತ್ತ ಕೆನ್ನೆಯೆಲುಬಿನ ಒಳಗಡೆಯಿಂದ ಇಳಿದು ದವಡೆಯನ್ನು ಹಿಡಿದಿದೆ. ದವಡೆಯ ಒಳಬದಿಯಲ್ಲಿ ಕೈಗೆ ಸಿಗದ ಇನ್ನೆರಡು ಸ್ನಾಯುಗಳಿವೆ. ಹೀಗೆ ಒಟ್ಟು ನಾಲ್ಕು ಜೋಡಿ. ಇವುಗಳಲ್ಲಿ ಮೂರು ಜೋಡಿ ಬಾಯಿ ಮುಚ್ಚುತ್ತವೆ. ಒಂದು ಜೋಡಿ ದವಡೆಯನ್ನು ಮುಂದಕ್ಕೆ ಎಳೆದು ಬಾಯಿ ತೆರೆಯಲು ನೆರವಾಗುತ್ತದೆ. ಇಲ್ಲಿ ಚರ್ಮದ ಮಾತಿಲ್ಲ. ಇವು ಎಲುಬಿನಿಂದ ಎಲುಬಿಗೆ ಹೋಗುವ ಸ್ನಾಯುಗಳು.

ಕೆಳದವಡೆ ಒಂದು ಸನ್ನೆಕೋಲು. ಅದರ ಕೀಲು ಕಿವಿಯ ಮುಂದಿದೆ. ಕೀಲಿಗೆ ಹತ್ತಿರವಿರುವ ದವಡೆಹಲ್ಲಿನಲ್ಲಿ ಬಲ ಹೆಚ್ಚು, ದೂರವಿರುವ ಮುಂಬಲ್ಲಿನಲ್ಲಿ ಕಡಿಮೆ. ಆರೋಗ್ಯವಂತ ವಯಸ್ಕರು ದವಡೆಹಲ್ಲಿನಲ್ಲಿ 50 ಕಿಲೋ ತೂಕಕ್ಕೆ ಸಮನಾದ, ಎಷ್ಟೋ ಸಲ ಅದಕ್ಕೂ ಹೆಚ್ಚಿನ ಬಲ ಹಾಕಬಲ್ಲರು. ಗಟ್ಟಿ ಅಡಿಕೆ ಹೋಳನ್ನು ಯಾರೂ ಮುಂಬಲ್ಲಿನಲ್ಲಿ ಒಡೆಯಲು ಹೋಗುವುದಿಲ್ಲ. ನಾಲಿಗೆ ತಾನಾಗಿಯೇ ಅದನ್ನು ಹಿಂದಕ್ಕೆ ಸರಿಸುತ್ತದೆ.

ಇಷ್ಟು ಬಲವಿರುವ ಯಂತ್ರಕ್ಕೆ ತಡೆಯೂ ಬೇಕು. ಅನ್ನದಲ್ಲಿ ಕಲ್ಲು ಸಿಕ್ಕಿದ ಗಳಿಗೆಯನ್ನು ನೆನಪಿಸಿಕೊಳ್ಳಿ. ‘ಕಲ್ಲು’ ಎಂದು ಮನಸ್ಸಿಗೆ ಹೊಳೆಯುವ ಮೊದಲೇ ಬಾಯಿ ಅಗಿಯುವುದನ್ನು ನಿಲ್ಲಿಸಿ ತೆರೆದುಕೊಂಡಿರುತ್ತದೆ. ಹಲ್ಲಿನ ಬುಡದ ನರಗಳು ಸುದ್ದಿ ಮುಟ್ಟಿಸುತ್ತವೆ, ಮಿದುಳುಕಾಂಡ ಅಲ್ಲಿಂದಲೇ ಮುಚ್ಚುವ ಸ್ನಾಯುಗಳನ್ನು ಸಡಿಲಿಸುತ್ತದೆ. ಯೋಚನೆಯ ಅಪ್ಪಣೆಗೆ ಇಲ್ಲಿ ಕಾಯುವುದಿಲ್ಲ. ಬಾಯಿ ಮುಚ್ಚುವ ಸ್ನಾಯುಗಳ ಒಳಗೂ ತಾವು ಎಷ್ಟು ಹಿಗ್ಗಿದ್ದೇವೆ ಎಂದು ಕ್ಷಣಕ್ಷಣಕ್ಕೂ ಅಳೆಯುವ ಸೂಕ್ಷ್ಮ ಸಂವೇದಕಗಳು ದಟ್ಟವಾಗಿವೆ. ಮುಖದ ಸ್ನಾಯುಗಳಲ್ಲಿ ಅಂಥ ಸಂವೇದಕಗಳು ಇಲ್ಲವೆನ್ನುವಷ್ಟು ಕಡಿಮೆ.

ಮುಚ್ಚುವ ಸ್ನಾಯುಗಳಿಗೂ ತೆರೆಯುವ ಸ್ನಾಯುಗಳಿಗೂ ಬಲದಲ್ಲಿ ಎಷ್ಟು ಅಂತರವಿದೆ ಎಂಬುದನ್ನು ಧನುರ್ವಾಯು ಭೀಕರವಾಗಿ ತೋರಿಸುತ್ತದೆ. ಆ ರೋಗಾಣುವಿನ ವಿಷ ಸ್ನಾಯುಗಳಿಗೆ ಇರುವ ತಡೆಯನ್ನು ಕಿತ್ತುಹಾಕುತ್ತದೆ. ಎರಡೂ ಗುಂಪು ಒಟ್ಟಿಗೆ ಬಿಗಿಯುತ್ತವೆ, ಮುಚ್ಚುವ ಗುಂಪು ಗೆಲ್ಲುತ್ತದೆ, ದವಡೆ ಬೀಗ ಹಾಕಿದಂತಾಗುತ್ತದೆ. ಗಾಯವಾದಾಗ ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸುವುದು ಇದೇ ಕಾರಣಕ್ಕೆ.

ಬಾಯಿ ತೆರೆಯದಿರಲು ಇನ್ನೊಂದು ಕಾರಣ ನಮ್ಮ ನೆಲಕ್ಕೆ ಹತ್ತಿರದ್ದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಕೆನ್ನೆಯ ಒಳಪದರ ನಾರಾಗಿ ಬಿಗಿಯುತ್ತದೆ. ಆರೋಗ್ಯವಂತ ಬಾಯಲ್ಲಿ ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಬಲ್ಲುಗಳ ನಡುವೆ ತೂರಿಸಬಹುದು. ಈ ರೋಗ ಹೆಚ್ಚಾದಾಗ ಒಂದು ಬೆರಳೂ ಹಿಡಿಸುವುದಿಲ್ಲ. ಇಲ್ಲಿ ನರ ಸರಿಯಿದೆ, ಸುತ್ತಲ ಅಂಗಾಂಶ ಬಿಗಿದಿದೆ. ಹೀಗೆ ಬಿಗಿದ ಬಾಯಲ್ಲಿ ಕ್ಯಾನ್ಸರ್ ಬೆಳೆಯುವ ಅಪಾಯವೂ ಹೆಚ್ಚು.

ತಲೆ ಹೊತ್ತ ಕತ್ತು

ಮನುಷ್ಯನ ತಲೆ ಸುಮಾರು 4.5ರಿಂದ 5 ಕಿಲೋ ತೂಗುತ್ತದೆ. ಅದು ಬೆನ್ನೆಲುಬಿನ ತುದಿಯ ಮೇಲೆ ಸರಿಯಾಗಿ ನಡುವಿಗೆ ಕೂತಿಲ್ಲ. ಭಾರ ತುಸು ಮುಂದಕ್ಕೆ ವಾಲಿದೆ. ಬಸ್ಸಿನಲ್ಲಿ ಕುಳಿತೇ ತೂಕಡಿಸಿದವರ ತಲೆ ಸಾಮಾನ್ಯವಾಗಿ ಎದೆಯ ಕಡೆಗೆ ಬೀಳುವುದು ಅದಕ್ಕೇ. ಎಚ್ಚರವಿರುವಷ್ಟು ಹೊತ್ತೂ ಹಿಂಗತ್ತಿನ ಸ್ನಾಯುಗಳು ತಲೆಯನ್ನು ಹಿಂದಕ್ಕೆ ಹಿಡಿದಿರುತ್ತವೆ. ಮೊಬೈಲಿನ ಮೇಲೆ ಬಾಗಿದಷ್ಟೂ ಅವುಗಳ ದುಡಿಮೆ ಹೆಚ್ಚುತ್ತದೆ.

‘ಹೌದು’ ಎಂದು ತಲೆಯಾಡಿಸುವ ಕೀಲು ತಲೆಬುರುಡೆಗೂ ಕತ್ತಿನ ಮೊದಲ ಮಣಿಗೂ ನಡುವೆ ಇದೆ. ‘ಇಲ್ಲ’ ಎಂದು ಅಲ್ಲಾಡಿಸುವ ಕೀಲು ಮೊದಲ ಮತ್ತು ಎರಡನೆಯ ಮಣಿಗಳ ನಡುವೆ ಇದೆ; ಕತ್ತು ತಿರುಗುವುದರಲ್ಲಿ ಹೆಚ್ಚುಕಡಿಮೆ ಅರ್ಧ ಇದೊಂದೇ ಕೀಲಿನಲ್ಲಿ ನಡೆಯುತ್ತದೆ. ಎಡ ಅಂಗೈಯನ್ನು ಎಡಗೆನ್ನೆಗೆ ಒತ್ತಿ ಹಿಡಿದು, ಮುಖವನ್ನು ಎಡಕ್ಕೆ ತಿರುಗಿಸಲು ಬಲ ಹಾಕಿ. ಕಿವಿಯ ಹಿಂದಿನಿಂದ ಎದೆಯೆಲುಬಿನವರೆಗೆ ಒಂದು ದಪ್ಪ ಸ್ನಾಯು ಎದ್ದು ನಿಲ್ಲುತ್ತದೆ, ಆದರೆ ಬಲಗಡೆ! ಬಲಗಡೆಯ ಸ್ನಾಯು ಮುಖವನ್ನು ಎಡಕ್ಕೆ ತಿರುಗಿಸುತ್ತದೆ, ಎಡಗಡೆಯದು ಬಲಕ್ಕೆ.

ಕತ್ತು ಮತ್ತು ದವಡೆ ಒಟ್ಟಿಗೆ ದುಡಿಯುವ ಜೊತೆಗಾರರು. ಗದ್ದವನ್ನು ಎದೆಗೆ ಒತ್ತಿಕೊಂಡು ದೊಡ್ಡದಾಗಿ ಬಾಯಿ ತೆರೆಯಲು ನೋಡಿ, ಆಗುವುದಿಲ್ಲ. ದೊಡ್ಡ ತುತ್ತಿಗೆ ಬಾಯಿ ಬಿಡುವಾಗಲೆಲ್ಲ ತಲೆ ನಮಗೆ ತಿಳಿಯದಂತೆ ತುಸು ಹಿಂದಕ್ಕೆ ವಾಲುತ್ತದೆ. ಇವೆರಡರ ನೋವೂ ಕೂಡಿಕೊಳ್ಳುತ್ತದೆ. ಮುಖದ ನೋವನ್ನು ಸ್ವೀಕರಿಸುವ ನರಕೇಂದ್ರ ಮಿದುಳಿನಿಂದ ಇಳಿದು ಕತ್ತಿನ ಮೇಲ್ಭಾಗದ ಬೆನ್ನುಹುರಿಯವರೆಗೂ ಚಾಚಿದೆ. ಕತ್ತಿನಿಂದ ಬರುವ ನೋವಿನ ಸುದ್ದಿಯೂ ಅಲ್ಲಿಗೇ ಬರುತ್ತದೆ. ಹಾಗಾಗಿ ಕತ್ತು ಹಿಡಿದುಕೊಂಡ ದಿನ ನೋವು ಹಣೆಯಲ್ಲಿ, ಕಣ್ಣಿನ ಹಿಂದೆ ಕಾಣಿಸಿಕೊಳ್ಳಬಹುದು.

ಬೆಲ್ ಹಿಡಿದ ಜಾಡು

ತಲೆಯಿಂದ ಹೊರಡುವ ನರಗಳು ಹನ್ನೆರಡು ಜೋಡಿ. ಮುಖಕ್ಕೆ ಅವುಗಳಲ್ಲಿ ಐದನೆಯದು ಮತ್ತು ಏಳನೆಯದು, ಹೀಗೆ ಎರಡು ದೊಡ್ಡ ಜೋಡಿ ಬರುತ್ತವೆ ಎಂಬುದು ಅಂಗರಚನೆ ಬಲ್ಲವರಿಗೆ ಮೊದಲೇ ಗೊತ್ತಿತ್ತು. ಎರಡು ಯಾಕೆ ಬೇಕು ಎಂಬುದು ಗೊತ್ತಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರು ಚಿತ್ರಕಾರರೂ ಹೌದು. ಚಿತ್ರಕಲೆಯಲ್ಲಿ ಮುಖಭಾವದ ರಚನೆ ಹೇಗೆ ಎಂದು 1806ರಲ್ಲೇ ಪುಸ್ತಕ ಬರೆದಿದ್ದರು. ಕತ್ತೆಗಳ ಮೇಲೆ ನಡೆಸಿದ ಪ್ರಯೋಗಗಳ ವಿವರವನ್ನು 1821ರಲ್ಲಿ ರಾಯಲ್ ಸೊಸೈಟಿಯ ಮುಂದೆ ಇಟ್ಟರು. ಏಳನೆಯ ನರವನ್ನು ಕತ್ತರಿಸಿದರೆ ಆ ಬದಿಯ ಮೂಗಿನ ಹೊಳ್ಳೆ ಉಸಿರಿನೊಂದಿಗೆ ಅರಳುವುದು ನಿಲ್ಲುತ್ತಿತ್ತು. ಏಳನೆಯದು ಉಸಿರಾಟಕ್ಕೆ ಸೇರಿದ ನರ ಎಂದು ಬೆಲ್ ತಪ್ಪಾಗಿ ಭಾವಿಸಿದ್ದರು. ಹರ್ಬರ್ಟ್ ಮೇಯೊ ಮುಂತಾದವರು ಅದನ್ನು ತಿದ್ದಿದರು. ಕೊನೆಗೆ ಚಿತ್ರ ತಿಳಿಯಾಯಿತು: ಮುಖಭಾವದ ಸ್ನಾಯುಗಳಿಗೆಲ್ಲ ಏಳನೆಯ ನರ, ಮುಖದ ಸ್ಪರ್ಶ ಮತ್ತು ನೋವಿಗೆ, ಹಾಗೆಯೇ ಅಗಿಯುವ ಸ್ನಾಯುಗಳಿಗೆ ಐದನೆಯ ನರ. ಕತ್ತು ತಿರುಗಿಸುವ ಆ ದಪ್ಪ ಸ್ನಾಯುವಿಗೆ ಹನ್ನೊಂದನೆಯದು.

ಇದರ ತಿರುಗುಮುರುಗು ಸಾಕ್ಷಿ ಫ್ರಾನ್ಸಿನಿಂದ ಬಂತು. ವೈದ್ಯ ದ್ಯುಷೆನ್ 1862ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹಲ್ಲಿಲ್ಲದ ಒಬ್ಬ ವೃದ್ಧನ ಛಾಯಾಚಿತ್ರಗಳಿವೆ. ಮುಖದ ಒಂದೊಂದೇ ಸ್ನಾಯುವಿಗೆ ವಿದ್ಯುತ್ ತಾಗಿಸಿ, ಅದು ಮೂಡಿಸುವ ಭಾವವನ್ನು ದ್ಯುಷೆನ್ ಸೆರೆಹಿಡಿದಿದ್ದರು. ಆ ವೃದ್ಧನನ್ನು ಆರಿಸಲು ಕಾರಣವಿತ್ತು. ಅವನ ಮುಖದಲ್ಲಿ ಸ್ಪರ್ಶಜ್ಞಾನ ಬಹಳ ಕುಂದಿತ್ತು, ವಿದ್ಯುತ್ ತಾಗಿದರೂ ನೋಯುತ್ತಿರಲಿಲ್ಲ. ನಮ್ಮ ಬಾಯಿ ಸೊಟ್ಟಗಾದ ಮನುಷ್ಯನಿಗೆ ನೋವು ಗೊತ್ತಾಗುತ್ತದೆ, ಮುಖ ಅಲುಗುವುದಿಲ್ಲ. ಆ ವೃದ್ಧನಿಗೆ ಮುಖ ಅಲುಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ. ಎರಡು ನರಗಳು ಎರಡು ಬೇರೆ ದಾರಿಗಳು ಎಂಬುದಕ್ಕೆ ಇಬ್ಬರೂ ಸೇರಿ ಪುರಾವೆಯಾದರು.

ಏಳನೆಯ ನರ ಕಿವಿಯ ಹಿಂದಿನ ಎಲುಬಿನೊಳಗೆ ಸುಮಾರು 3 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಸಾಗುತ್ತದೆ. ಅತಿ ಇಕ್ಕಟ್ಟಿನ ಕಡೆ ಆ ಕೊಳವೆಯ ಅಗಲ ಒಂದು ಮಿಲಿಮೀಟರಿಗೂ ಕಡಿಮೆ. ನರ ಊದಿಕೊಂಡರೆ ಎಲುಬು ಜಾಗ ಬಿಡುವುದಿಲ್ಲ. ನರ ತಾನೇ ನಲುಗುತ್ತದೆ. ಹೆಚ್ಚಿನವರಲ್ಲಿ ಊತಕ್ಕೆ ವೈರಸ್ ಕಾರಣವಿರಬಹುದೆಂದು ವೈದ್ಯರು ಭಾವಿಸುತ್ತಾರೆ. ಬೆಲ್ ಹೆಸರಿನಲ್ಲಿ ಬೆಲ್ಸ್ ಪಾಲ್ಸಿ ಎಂದು ಕರೆಯುವುದು ಇದನ್ನೇ. ನಮ್ಮ ಮನುಷ್ಯನ ಒಡಪಿಗೆ ಅರ್ಧ ಉತ್ತರ ಸಿಕ್ಕಿತು: ಏಳನೆಯ ನರ ನಲುಗಿದೆ, ಐದನೆಯದು ಬೇರೆ ದಾರಿಯಲ್ಲಿ ಸುರಕ್ಷಿತವಾಗಿದೆ. ಆದರೆ ಒಂದೇ ಕೆನ್ನೆಯ ಸ್ನಾಯುಗಳು ಎರಡು ನರಗಳ ಪಾಲಾದದ್ದು ಯಾಕೆ?

ನಾಲ್ಕನೆಯ ವಾರದಲ್ಲಿ ನಡೆದದ್ದು

ಗರ್ಭದಲ್ಲಿ ನಾಲ್ಕನೆಯ ವಾರ. ಭ್ರೂಣದ ಉದ್ದ 4-5 ಮಿಲಿಮೀಟರ್. ಅದಕ್ಕಿನ್ನೂ ಮುಖವಿಲ್ಲ. ಮುಂದೆ ಗಂಟಲಾಗುವ ಭಾಗದ ಎರಡೂ ಬದಿಯಲ್ಲಿ ಒಂದರ ಕೆಳಗೊಂದು ಉಬ್ಬಿದ ಪಟ್ಟಿಗಳು ಏಳುತ್ತವೆ. ಇವುಗಳನ್ನು ಗಂಟಲಿನ ಕಮಾನುಗಳು ಎನ್ನೋಣ. ಮೀನುಗಳಲ್ಲಿ ಇಂಥವೇ ಕಮಾನುಗಳು ದವಡೆಯಾಗಿ, ಕಿವಿರುಗಳ ಆಧಾರವಾಗಿ ಬೆಳೆಯುತ್ತವೆ. ನಮ್ಮಲ್ಲಿ ಕಿವಿರು ಇಲ್ಲ, ಆದರೆ ಕಮಾನುಗಳು ಉಳಿದಿವೆ. ಪ್ರತಿ ಕಮಾನಿಗೂ ತನ್ನದೇ ಮೃದ್ವಸ್ಥಿ, ತನ್ನದೇ ಸ್ನಾಯುವಿನ ಮೊಳಕೆ, ತನ್ನದೇ ನರ. ಮೊದಲ ಕಮಾನಿಗೆ ಐದನೆಯ ನರ, ಎರಡನೆಯದಕ್ಕೆ ಏಳನೆಯ ನರ.

ಮುಂದಿನ ವಾರಗಳಲ್ಲಿ ಸ್ನಾಯುವಿನ ಮೊಳಕೆಗಳು ಹುಟ್ಟಿದ ಜಾಗ ಬಿಟ್ಟು ಹೊರಡುತ್ತವೆ. ಮೊದಲ ಕಮಾನಿನವು ದವಡೆಯ ಸುತ್ತ ನಿಂತು ಅಗಿಯುವ ಸ್ನಾಯುಗಳಾಗುತ್ತವೆ. ಎರಡನೆಯ ಕಮಾನಿನವು ತೆಳುಹಾಳೆಯಾಗಿ ಹಬ್ಬಿ ಕತ್ತು, ಕೆನ್ನೆ, ತುಟಿ, ಕಣ್ಣು, ಹಣೆ, ನೆತ್ತಿಯ ಹಿಂಭಾಗದವರೆಗೂ ಹೋಗಿ ಅಗಿಯುವ ಸ್ನಾಯುಗಳ ಮೇಲೆಯೇ ಹಾಸಿಕೊಳ್ಳುತ್ತವೆ. ಹೀಗೆ ದೂರ ಹೋದರೂ ಅವು ಹುಟ್ಟಿದ ಕಮಾನಿನ ನರವನ್ನು ಬಿಡುವುದಿಲ್ಲ, ಜೊತೆಗೇ ಎಳೆದುಕೊಂಡು ಹೋಗುತ್ತವೆ. ನಮ್ಮಲ್ಲಿ ಎಷ್ಟೋ ಮನೆತನಗಳು ತಲೆಮಾರುಗಳ ಹಿಂದೆ ಊರು ಬಿಟ್ಟು ಬೇರೆ ಸೀಮೆಯಲ್ಲಿ ನೆಲೆಸಿವೆ. ಮನೆದೇವರನ್ನು ಮಾತ್ರ ಬಿಟ್ಟಿಲ್ಲ. ಅಕ್ಕಪಕ್ಕದ ಎರಡು ಮನೆಯವರು ಹರಕೆಗೆ ಎರಡು ದಿಕ್ಕಿಗೆ ಹೋಗುತ್ತಾರೆ. ಮನೆದೇವರು ಯಾವುದೆಂದು ಕೇಳಿದರೆ ಆ ಮನೆತನ ಎಲ್ಲಿಂದ ಬಂದದ್ದೆಂದು ಹೇಳಬಹುದು. ಸ್ನಾಯುವಿಗೂ ಹಾಗೆಯೇ. ಈಗ ಎಲ್ಲಿದೆ ಎಂಬುದು ಮುಖ್ಯವಲ್ಲ. ಯಾವ ನರಕ್ಕೆ ಓಗೊಡುತ್ತದೆ ಎಂದು ನೋಡಿದರೆ ಎಲ್ಲಿ ಹುಟ್ಟಿತೆಂದು ತಿಳಿಯುತ್ತದೆ.

ಈ ಸೂತ್ರ ಹಿಡಿದರೆ ಹಲವು ವಿಚಿತ್ರಗಳು ಒಮ್ಮೆಗೇ ಬಿಡಿಸಿಕೊಳ್ಳುತ್ತವೆ. ಕತ್ತಿನ ಮುಂಭಾಗದ ಚರ್ಮದಡಿ ಹಾಸಿರುವ ತೆಳು ಸ್ನಾಯು ಇರುವುದು ಕತ್ತಿನಲ್ಲಿ, ಆದರೆ ಅದಕ್ಕೆ ಮುಖದ ಏಳನೆಯ ನರ. ಅದು ಎರಡನೆಯ ಕಮಾನಿನ ಹುಟ್ಟು. ಗದ್ದದ ಅಡಿಯಲ್ಲಿ, ಬಾಯಿ ತೆರೆಯಲು ನೆರವಾಗುವ ಒಂದು ಸ್ನಾಯುವಿಗೆ ಎರಡು ಹೊಟ್ಟೆಗಳಿವೆ. ಅದರ ಮುಂದಿನ ಹೊಟ್ಟೆಗೆ ಐದನೆಯ ನರ, ಹಿಂದಿನ ಹೊಟ್ಟೆಗೆ ಏಳನೆಯ ನರ! ಎರಡು ಕಮಾನುಗಳಲ್ಲಿ ಹುಟ್ಟಿದ ತುಂಡುಗಳು ನಡುವೆ ಬಂದು ಬೆಸೆದುಕೊಂಡಿವೆ.

ಕಿವಿಯೊಳಗೆ ಇನ್ನೂ ಅಚ್ಚರಿಯಿದೆ. ಅಲ್ಲಿನ ಮೂರು ಪುಟ್ಟ ಎಲುಬುಗಳಲ್ಲಿ ಎರಡು ಮೊದಲ ಕಮಾನಿನವು. ಸರೀಸೃಪಗಳಲ್ಲಿ ದವಡೆಯ ಕೀಲಾಗಿರುವ ಎಲುಬುಗಳೇ ಸಸ್ತನಿಗಳಲ್ಲಿ ಕಿವಿಗೆ ಸರಿದವು. ಮೂರನೆಯದು ಎರಡನೆಯ ಕಮಾನಿನದು. ಅದಕ್ಕೆ ಅಂಟಿದ, ದೇಹದಲ್ಲೇ ಅತಿ ಚಿಕ್ಕದಾದ ಎಲುಬುಸ್ನಾಯು ಜೋರು ಸದ್ದಾದಾಗ ಬಿಗಿದು ಕಿವಿಯನ್ನು ಕಾಯುತ್ತದೆ. ಅದರ ನರವೂ ಏಳನೆಯದೇ. ಬಾಯಿ ಸೊಟ್ಟಗಾದ ಕೆಲವರು ‘ಆ ಕಡೆಯ ಕಿವಿಗೆ ಪಾತ್ರೆ ಸದ್ದೂ ತಡೆಯಲಾಗುತ್ತಿಲ್ಲ’ ಎನ್ನುತ್ತಾರೆ. ಮನೆಯವರಿಗೆ ಬಾಯಿಗೂ ಕಿವಿಗೂ ಏನು ಸಂಬಂಧ ಎನ್ನಿಸಬಹುದು. ಸಂಬಂಧ ನಾಲ್ಕನೆಯ ವಾರದ್ದು.

ಕೋಳಿಗೂ ಮೊಸಳೆಗೂ ನಗಲು ಬಾರದಿರುವುದಕ್ಕೂ ಉತ್ತರ ಇಲ್ಲೇ ಇದೆ. ಅವುಗಳಲ್ಲಿ ಎರಡನೆಯ ಕಮಾನಿನ ಸ್ನಾಯುಗಳು ಕತ್ತಿನ ಸುತ್ತಮುತ್ತಲೇ ಉಳಿದವು. ಸಸ್ತನಿಗಳಲ್ಲಿ ಮಾತ್ರ ಮೇಲಕ್ಕೆ ಹಬ್ಬಿ ಮುಖವನ್ನು ತುಂಬಿದವು. ಮಗು ಹುಟ್ಟಿದ ಕೂಡಲೇ ಮೊಲೆಹಾಲು ಹೀರಲು ಬಳಸುವ ತುಟಿ, ಕೆನ್ನೆಯ ಸ್ನಾಯುಗಳೇ ಮುಂದೆ ಅದರ ಮೊದಲ ನಗುವನ್ನೂ ಮೂಡಿಸುತ್ತವೆ.

ಹಣೆ ಕೊಡುವ ಸುಳಿವು

ಬಾಯಿ ಸೊಟ್ಟಗಾಗಲು ಕಿವಿಯ ಬಳಿ ನರ ನಲುಗಬೇಕೆಂದೇನೂ ಇಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ, ಅಂದರೆ ಪಾರ್ಶ್ವವಾಯು ಎಂಬ ಮಿದುಳಿನ ಪೆಟ್ಟಾದರೆ, ಆಗಲೂ ಬಾಯಿ ಸೊಟ್ಟಗಾಗುತ್ತದೆ. ಎರಡನ್ನೂ ನಮ್ಮ ಜನ ಲಕ್ವ ಎಂದೇ ಕರೆಯುತ್ತಾರೆ. ಒಂದು ಬಹುತೇಕ ವಾಸಿಯಾಗುವ ತೊಂದರೆ, ಇನ್ನೊಂದು ಪ್ರಾಣಕ್ಕೇ ಕುತ್ತು.

ಇವೆರಡನ್ನು ಬೇರ್ಪಡಿಸಲು ವೈದ್ಯರು ಮೊದಲು ಹೇಳುವುದು ‘ಹುಬ್ಬು ಏರಿಸಿ’ ಎಂದು. ಮುಖದ ಬಲ ಅರ್ಧದ ಕೆಳಭಾಗಕ್ಕೆ ಅಪ್ಪಣೆ ಬರುವುದು ಮುಖ್ಯವಾಗಿ ಮಿದುಳಿನ ಎಡಭಾಗದಿಂದ. ಹಣೆಗೆ ಮಾತ್ರ ಮಿದುಳಿನ ಎರಡೂ ಭಾಗಗಳಿಂದ ಅಪ್ಪಣೆ ಬರುತ್ತದೆ. ಮಿದುಳಿನ ಒಂದು ಭಾಗ ಕೆಟ್ಟರೆ ಇನ್ನೊಂದು ಭಾಗ ಹಣೆಯನ್ನು ನೋಡಿಕೊಳ್ಳುತ್ತದೆ. ಹಾಗಾಗಿ ಮಿದುಳಿನ ಪೆಟ್ಟಿನಲ್ಲಿ ಸಾಮಾನ್ಯವಾಗಿ ಬಾಯಿ ಜೋತುಬಿದ್ದರೂ ಹಣೆಯ ಗೆರೆ ಎರಡೂ ಕಡೆ ಮೂಡುತ್ತದೆ. ನರವೇ ನಲುಗಿದ್ದರೆ ಎರಡೂ ಕಡೆಯ ಅಪ್ಪಣೆ ಅದೇ ಇಕ್ಕಟ್ಟಿನಲ್ಲಿ ಸಿಕ್ಕಿಬೀಳುತ್ತದೆ, ಹಣೆಯೂ ಅಲುಗುವುದಿಲ್ಲ. ಹಣೆ ನುಣ್ಣಗಾಗಿದ್ದರೆ ಕೆಟ್ಟ ಸುದ್ದಿ ಎಂದು ಮನೆಯವರು ಹೆದರುತ್ತಾರೆ. ಹಣೆ ಚೆನ್ನಾಗಿ ಅಲುಗಿ ಬಾಯಿ ಮಾತ್ರ ಸೊಟ್ಟಗಿದ್ದಾಗ ವೈದ್ಯರು ಹೆಚ್ಚು ಹೆದರುತ್ತಾರೆ.

ಮಿದುಳಿನ ಪೆಟ್ಟಿನಲ್ಲಿ ಇನ್ನೊಂದು ಸೋಜಿಗವುಂಟು. ‘ನಗಿ’ ಎಂದರೆ ಕೆಲವು ರೋಗಿಗಳ ಬಾಯಿ ಒಂದೇ ಕಡೆಗೆ ಏರುತ್ತದೆ. ಅದೇ ಗಳಿಗೆಯಲ್ಲಿ ಮೊಮ್ಮಗು ಬಂದು ಏನಾದರೂ ತಮಾಷೆ ಮಾಡಿದರೆ ಮುಖದ ಎರಡೂ ಬದಿ ಸಮನಾಗಿ ಅರಳುತ್ತದೆ. ಬೇಕೆಂದು ನಗುವ ನಗುವಿಗೂ ಒಳಗಿನಿಂದ ಬರುವ ನಗುವಿಗೂ ಮಿದುಳಿನಲ್ಲಿ ದಾರಿ ಬೇರೆ. ಎರಡೂ ಬಂದು ಸೇರುವುದು ಏಳನೆಯ ನರದ ಮೂಲದಲ್ಲಿ. ನಿಜವಾದ ನಗುವಿನಲ್ಲಿ ಬಾಯಂಚಿನ ಜೊತೆ ಕಣ್ಬಳೆಯೂ ಬಿಗಿಯುತ್ತದೆ, ಬರೀ ಇಚ್ಛೆಯಿಂದ ಅದನ್ನು ಹಾಗೆ ಬಿಗಿಯುವುದು ಕಷ್ಟ ಎಂದು ದ್ಯುಷೆನ್ ಆಗಲೇ ಬರೆದಿದ್ದರು.

ಗಳಿಗೆಗಳ ಲೆಕ್ಕ

ಬೆಲ್ಸ್ ಪಾಲ್ಸಿಯಾದ ಹತ್ತು ಜನರಲ್ಲಿ ಸುಮಾರು ಏಳು ಜನ ಯಾವ ಔಷಧಿಯೂ ಇಲ್ಲದೆ ಪೂರ್ತಿ ಗುಣವಾಗುತ್ತಾರೆ. ಮೂರು ದಿನದೊಳಗೆ ವೈದ್ಯರು ಸ್ಟೀರಾಯ್ಡ್ ಮಾತ್ರೆ ಆರಂಭಿಸಿದರೆ ಈ ಪ್ರಮಾಣ ಇನ್ನೂ ಹೆಚ್ಚುತ್ತದೆ. ನರದ ಎಳೆಗಳೇ ಮುರಿದುಹೋಗಿದ್ದರೆ ಅವು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತವೆ. ಬೆಳೆಯುವಾಗ ಕೆಲವು ದಾರಿ ತಪ್ಪುತ್ತವೆ. ಆಗ ನಕ್ಕರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಎಳೆ ಕಣ್ಣೀರಿನ ಗ್ರಂಥಿಗೆ ಸೇರಿಬಿಟ್ಟರೆ ಊಟಕ್ಕೆ ಕುಳಿತಾಗಲೆಲ್ಲ ಒಂದು ಕಣ್ಣಲ್ಲಿ ನೀರು ಹರಿಯುತ್ತದೆ.

ಹತ್ತರಲ್ಲಿ ಏಳು ತಾನಾಗಿ ವಾಸಿಯಾಗುವ ಕಾಯಿಲೆಗೆ ಯಾವ ಮದ್ದು ಕೊಟ್ಟರೂ ಹತ್ತರಲ್ಲಿ ಏಳು ಸಲ ಆ ಮದ್ದಿಗೇ ಹೆಸರು ಬರುತ್ತದೆ. ಲಕ್ವಕ್ಕೆ ಔಷಧಿ ಕೊಡುವವರ ಮನೆ ಮುಂದೆ ಸಾಲು ಕರಗದಿರುವ ಗುಟ್ಟು ಇದು. ಅದೇ ನಂಬಿಕೆಯಲ್ಲಿ ಮಿದುಳಿನ ಪೆಟ್ಟಾದವರನ್ನೂ ಅಲ್ಲಿಗೇ ಕರೆದುಕೊಂಡು ಹೋಗುವುದು ದೊಡ್ಡ ಅನಾಹುತ. ಮಿದುಳಿನಲ್ಲಿ ಕಟ್ಟಿಕೊಂಡ ರಕ್ತದ ಗರಣೆಯನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದು ಎಲ್ಲ ರೋಗಿಗಳಿಗೂ ಒಗ್ಗುವುದಿಲ್ಲ. ಯಾರಿಗೆ ಒಗ್ಗುತ್ತದೆ ಎಂದು ತಿಳಿಯಲು ಸ್ಕ್ಯಾನ್ ಬೇಕು, ಅದಕ್ಕೂ ಸಮಯ ಬೇಕು.

ಹಣೆಯ ಸುಳಿವು ಉಪಯುಕ್ತ, ಆದರೆ ಮನೆಯಲ್ಲಿ ಕುಳಿತು ಅದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಮಿದುಳುಕಾಂಡದಲ್ಲಿ ಆಗುವ ಪೆಟ್ಟು ಕೆಲವೊಮ್ಮೆ ಹಣೆಯನ್ನೂ ಸೇರಿಸಿಯೇ ಸೋಲಿಸುತ್ತದೆ. ಯಾರದೇ ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾದರೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಎತ್ತಿ ಹಿಡಿಯಲು ಹೇಳಿ, ಒಂದು ವಾಕ್ಯ ಮಾತನಾಡಿಸಿ. ಒಂದು ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ, ನಡಿಗೆ ತಪ್ಪಿದರೆ, ವಸ್ತು ಎರಡೆರಡಾಗಿ ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಲಕ್ಷಣ ಶುರುವಾದ ಸಮಯವನ್ನು ಬರೆದಿಟ್ಟುಕೊಳ್ಳಿ. ಇವು ಯಾವುವೂ ಇಲ್ಲದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ. ಮುಚ್ಚದ ಕಣ್ಣನ್ನು ಒಣಗಲು ಬಿಡಬೇಡಿ. ವೈದ್ಯರು ಹೇಳಿದ ಹನಿ ಹಾಕಿ, ರಾತ್ರಿ ರೆಪ್ಪೆಯನ್ನು ಮುಚ್ಚಿ ಪಟ್ಟಿ ಅಂಟಿಸಿ. ಮುಖದ ನರ ತಿಂಗಳುಗಳಲ್ಲಿ ಚೇತರಿಸಿಕೊಳ್ಳಬಹುದು. ಒಣಗಿ ಹುಣ್ಣಾದ ಕಣ್ಣು ಚೇತರಿಸಿಕೊಳ್ಳದೆಯೂ ಹೋಗಬಹುದು.